ಹಳೆಯ ಕಾರಿನ ಬೀಗ ಮತ್ತು ಕಾವಲಿನ ಕೂಗು

ಮುಳಬಾಗಿಲು ಎಂಬ ಊರಿನ ಹೆಸರಿನಲ್ಲೇ ಒಂದು ಬಾಗಿಲಿದೆ. ಮೂಡಲ ಬಾಗಿಲು, ಅಂದರೆ ಮೈಸೂರು ಸೀಮೆಯ ಪೂರ್ವ ದಿಕ್ಕಿನ ಬಾಗಿಲು ಎಂಬುದೇ ಕಾಲಕ್ರಮದಲ್ಲಿ ಮುಳಬಾಗಿಲು ಆಯಿತೆಂಬ ವಿವರಣೆ ಪ್ರಚಲಿತವಾಗಿದೆ. ಬೆಂಗಳೂರಿನಿಂದ ಹೊರಡುವ ಹಳೆಯ ಮದರಾಸು ರಸ್ತೆ ಹೊಸಕೋಟೆ, ನರಸಾಪುರ, ಕೋಲಾರ ದಾಟಿ ಈ ಬಾಗಿಲಿನ ಮೂಲಕವೇ ನಂಗಲಿಯ ಕಡೆಗೆ ಸಾಗಿ ಆಂಧ್ರವನ್ನು ಸೇರುತ್ತದೆ. ಎತ್ತಿನ ಗಾಡಿ, ಜಟಕಾ, ಸರ್ವೀಸ್ ಬಸ್ಸು, ಮೋಟಾರು ಕಾರು ಎಲ್ಲವೂ ಈ ದಾರಿಯಲ್ಲಿ ಹಾದುಹೋಗಿವೆ.

ಹಾಗೆ ಹಾದುಹೋದ ಕಾರುಗಳಲ್ಲಿ ಕೆಲವು ಇಲ್ಲೇ ಉಳಿದುಕೊಂಡಿವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂಥ ಊರುಗಳಲ್ಲಿ ಅಜ್ಜ ಕೊಂಡ ಅಂಬಾಸಿಡರನ್ನೋ ಅಪ್ಪ ಓಡಿಸಿದ ಫಿಯೆಟ್ಟನ್ನೋ ಮಾರಲು ಮನಸ್ಸಿಲ್ಲದೆ ಷೆಡ್ಡಿನಲ್ಲಿ ಇಟ್ಟುಕೊಂಡ ಮನೆಗಳಿವೆ. ಮದುವೆ, ಜಾತ್ರೆ, ಆಯುಧಪೂಜೆಗಳಿಗೆ ಅವು ಹೊರಬರುತ್ತವೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆಗಳು ಎರಡು. ಒಂದು, ಯಾರೂ ಮುಟ್ಟದಿದ್ದರೂ ನಡುರಾತ್ರಿಯಲ್ಲಿ ಕಳ್ಳ ಬಂದಂತೆ ಅಲಾರಂ ಕೂಗತೊಡಗುವುದು. ಇನ್ನೊಂದು, ಬಾಗಿಲಿನ ಬೀಗ ಹತ್ತದಿರುವುದು, ಹತ್ತಿದರೆ ತೆರೆಯದಿರುವುದು.

ಮೇಲ್ನೋಟಕ್ಕೆ ಇವು ಬೇರೆ ಬೇರೆ ಕಾಯಿಲೆಗಳು. ಅಲಾರಂ ಕೆಟ್ಟರೆ ಆಟೋ ಎಲೆಕ್ಟ್ರೀಷಿಯನ್ ಬಳಿಗೆ, ಬೀಗ ಕೆಟ್ಟರೆ ಟಿಂಕರಿಂಗ್ ಅಂಗಡಿಗೆ ಕಾರು ಹೋಗುತ್ತದೆ. ಮೊದಲನೆಯವರು ಅಲಾರಂ ಪೆಟ್ಟಿಗೆಯನ್ನೇ ಬದಲಿಸುತ್ತಾರೆ. ಎರಡನೆಯವರು ಬೀಗವನ್ನು ಕೊರೆದು ತೆಗೆಯುತ್ತಾರೆ. ದುಡ್ಡು ಖರ್ಚಾಗುತ್ತದೆ, ಮತ್ತೆ ಸಿಗದ ಮೂಲ ಬೀಗವೂ ಹೋಗುತ್ತದೆ, ಒಂದು ತಿಂಗಳಲ್ಲಿ ಅದೇ ತೊಂದರೆ ಮರಳಿ ಬರುತ್ತದೆ. ಕಾರಣ ಸರಳ. ಹಳೆಯ ಕಾರಿನಲ್ಲಿ ಬೀಗ ಮತ್ತು ಅಲಾರಂ ಒಂದೇ ಕಾಲಕ್ಕೆ ಹುಟ್ಟಿದವಲ್ಲ. ಒಂದರ ಮೇಲೊಂದು ಪದರವಾಗಿ, ಬೇರೆ ಬೇರೆ ದಶಕಗಳಲ್ಲಿ ಬಂದು ಕೂತವು. ದೋಷ ಹೆಚ್ಚಾಗಿ ಪದರದಲ್ಲಿರುವುದಿಲ್ಲ, ಎರಡು ಪದರಗಳು ಸೇರುವ ಬೆಸುಗೆಯಲ್ಲಿರುತ್ತದೆ. ಯಾವುದು ಯಾವಾಗ ಬಂತೆಂಬ ಇತಿಹಾಸ ತಿಳಿದರೆ ಕೆಟ್ಟ ಜಾಗ ಅರ್ಧ ತಿಳಿದಂತೆಯೇ.

ಬೀಗವಿಲ್ಲದ ಕಾಲ

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ್ದು 1886ರ ಜನವರಿ 29ರಂದು. ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ್ದು ಅದರ ಮರುವರ್ಷ. ಬೆಂಜ್ ಗಾಡಿಗೆ ಬಾಗಿಲೇ ಇರಲಿಲ್ಲ. ಬಾಗಿಲಿಲ್ಲದ ಮೇಲೆ ಬೀಗದ ಮಾತೆಲ್ಲಿ? ಆ ಬಳಿಕ ಬಂದ ಕಾರುಗಳು ಕೂಡ ಬಹುಕಾಲ ಜಟಕಾ, ಕೋಚುಗಳ ತಮ್ಮಂದಿರಂತೆಯೇ ಇದ್ದವು. ಮೇಲೆ ಮಡಿಸುವ ಕ್ಯಾನ್ವಾಸ್ ಹೊದಿಕೆ, ಪಕ್ಕದಲ್ಲಿ ತಗ್ಗಿನ ಬಾಗಿಲು, ಅದಕ್ಕೊಂದು ಚಿಲಕ, ಅಷ್ಟೇ. ಅಂಥ ಬಾಗಿಲಿಗೆ ಬೀಗ ಹಾಕುವುದು ಕಾಂಪೌಂಡಿಲ್ಲದ ಮನೆಗೆ ಗೇಟು ಇಟ್ಟಂತೆ.

ಆ ಕಾಲದಲ್ಲಿ ಕಾರಿನ ನಿಜವಾದ ಬೀಗವೆಂದರೆ ಅದನ್ನು ಚಾಲೂ ಮಾಡುವ ಕಷ್ಟವೇ. ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ಬಲವಾಗಿ ತಿರುಗಿಸಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಅಪಾಯವೂ ಇತ್ತು. ಕಲಿಯದವರಿಗೆ ಕಾರು ಕದಿಯುವುದಿರಲಿ, ಅಲುಗಾಡಿಸುವುದೂ ಕಷ್ಟ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದಾಗ ಈ ಕಷ್ಟ ತಪ್ಪಿತು. ಜೊತೆಗೆ ಕಳ್ಳನ ಕಷ್ಟವೂ ತಪ್ಪಿತು. 1908ರಿಂದ ತಯಾರಾಗುತ್ತಿದ್ದ ಫೋರ್ಡ್ ‘ಟಿ’ ಮಾದರಿಗೆ 1919ರಲ್ಲಿ ವಿದ್ಯುತ್ ಸ್ಟಾರ್ಟರ್ ಬಂತು. ಕಾರಿನ ಕೀಲಿಕೈ ಮೊದಲು ಕಾವಲು ಕಾದದ್ದು ಎಂಜಿನ್ನಿನ ವಿದ್ಯುತ್ತನ್ನು, ಬಾಗಿಲನ್ನಲ್ಲ. ಬಾಗಿಲಿನ ಬೀಗ ರೂಢಿಗೆ ಬಂದದ್ದು ಗಾಜು, ಗಟ್ಟಿ ಮಾಳಿಗೆಗಳಿರುವ ಮುಚ್ಚಿದ ಕಾರುಗಳು ಸಾಮಾನ್ಯವಾದ ಮೇಲೆ.

ಕೋಲಾರ ಸೀಮೆಯ ಮಟ್ಟಿಗೆ ಇಲ್ಲೊಂದು ಸ್ವಾರಸ್ಯವಿದೆ. ಕಾರಿಗೆ ವಿದ್ಯುತ್ ಸ್ಟಾರ್ಟರ್ ಬರುವುದಕ್ಕೆ ಹತ್ತು ವರ್ಷ ಮೊದಲೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದದ್ದು 1905ರಲ್ಲಿ. ಆದರೂ ಗಣಿ ಪ್ರದೇಶದ ಹೊರಗೆ ಜನರ ಓಡಾಟಕ್ಕೆ ಎತ್ತಿನ ಗಾಡಿ, ಜಟಕಾಗಳೇ ಆಧಾರ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ, ಅಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ ಕಿರಿದಳತೆಯ ರೈಲು ಓಡಿದ್ದು 1910ರ ದಶಕದಲ್ಲಿ. ಕಾರು ಉಳ್ಳವರು ವಿರಳ. ಉಳ್ಳವರ ಕಾರಿಗೆ ಡ್ರೈವರ್ ಒಬ್ಬ, ಕ್ಲೀನರ್ ಒಬ್ಬ. ಕ್ಲೀನರ್ ಕಾರಿನ ಬಳಿಯೇ ಮಲಗುತ್ತಿದ್ದುದರಿಂದ ಬೀಗವೂ ಅವನೇ, ಅಲಾರಮ್ಮೂ ಅವನೇ.

ಚಾಡಿ ಹೇಳುವ ಬೀಗ

ಬೀಗ ಮತ್ತು ಎಚ್ಚರಿಕೆ ಒಂದಕ್ಕೊಂದು ಹೊಸ ಪರಿಚಯವಲ್ಲ. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳಕೀಲಿಯಿಂದ ಕಳವು ನಡೆಯಿತು. ಅದರದೇ ಕೀಲಿಯ ಹೊರತು ಬೇರಾವುದಕ್ಕೂ ಬಗ್ಗದ ಬೀಗ ಮಾಡಿದವರಿಗೆ ಬಹುಮಾನವೆಂದು ಅಲ್ಲಿನ ಸರ್ಕಾರ ಸಾರಿತು. ಮರುವರ್ಷ ಜೆರಮಯ್ಯ ಚಬ್ ಎಂಬಾತ ರೂಪಿಸಿದ ಬೀಗ ಬಲು ವಿಶಿಷ್ಟವಾದುದು. ಬೇರೆ ಕೀಲಿ ತೂರಿಸಿ ತಿರುಗಿಸಲು ಯತ್ನಿಸಿದರೆ ಅದು ತೆರೆಯುವುದಿರಲಿ, ಒಳಗೆ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ಯಜಮಾನ ಬಂದು ತನ್ನ ಕೀಲಿ ಹಾಕಿದಾಗ, ಯಾರೋ ಕೈ ಹಾಕಿದ್ದಾರೆಂದು ಅವನಿಗೆ ಗೊತ್ತಾಗುತ್ತಿತ್ತು. ಸದ್ದಿಲ್ಲದೆ ಚಾಡಿ ಹೇಳುವ ಬೀಗ ಅದು.

1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಚಪ್ಪಟೆ ಕೀಲಿಯ, ಉರುಳೆಯಾಕಾರದ ಬೀಗವನ್ನು ಪರಿಪೂರ್ಣಗೊಳಿಸಿದ. ನಮ್ಮಲ್ಲಿ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಮುಂಬಯಿಯಲ್ಲಿ ಬೀಗದ ಕಾರ್ಖಾನೆ ತೆರೆದರು. ಅಲಿಗಢ ಮತ್ತು ದಿಂಡಿಗಲ್ಲುಗಳ ಬೀಗಗಳೂ ಮನೆಮಾತಾದವು. ಕಾರಿನ ಬಾಗಿಲಿಗೆ ಬಂದದ್ದು ಈ ಯೇಲ್ ಬೀಗದ ಬಡ ನೆಂಟ. ಅದರ ಉರುಳೆಯೊಳಗೆ ತೆಳ್ಳನೆಯ ಹಿತ್ತಾಳೆ ಬಿಲ್ಲೆಗಳು ಸಣ್ಣ ಸ್ಪ್ರಿಂಗುಗಳ ಮೇಲೆ ಕೂತಿರುತ್ತವೆ. ಸರಿಯಾದ ಕೀಲಿಕೈ ಒಳಹೊಕ್ಕರೆ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಉರುಳೆ ತಿರುಗುತ್ತದೆ. ಅಗ್ಗ, ಸಣ್ಣದು, ಧೂಳು ನೀರುಗಳನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ಬಿಲ್ಲೆಗಳು ಸವೆಯುತ್ತವೆ, ಕೀಲಿಯೂ ಸವೆಯುತ್ತದೆ.

ಇನ್ನೊಂದು ದೌರ್ಬಲ್ಯ ಎಣಿಕೆಯದು. ಫೋರ್ಡ್ ‘ಟಿ’ಯ ಕೀಲಿಗಳಲ್ಲಿ ಸುಮಾರು ಎರಡು ಡಜನ್ ವಿಧಗಳಷ್ಟೇ ಇದ್ದವು. ಬ್ರಿಟಿಷ್ ಕಾರುಗಳಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ‘ಎಫ್.ಎಸ್.’ ಸರಣಿಯ ಕೀಲಿಗಳು 876ರಿಂದ 955ರವರೆಗೆ, ಅಂದರೆ ಬರೀ 80 ವಿಧ. ಲಕ್ಷಾಂತರ ಕಾರುಗಳಿಗೆ 80 ಕೀಲಿಗಳೆಂದರೆ ಒಬ್ಬರ ಕೀಲಿ ಇನ್ನೊಬ್ಬರ ಕಾರಿಗೆ ಹತ್ತುವುದರಲ್ಲಿ ಅಚ್ಚರಿಯಿಲ್ಲ. ಸವೆದ ಬೀಗಕ್ಕಂತೂ ಸ್ಕ್ರೂಡ್ರೈವರೂ ಕೀಲಿಯೇ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕೀಲಿ ತೂರಿಸುವ ಉರುಳೆ ಬೇರೆ, ಬಾಗಿಲನ್ನು ಹಿಡಿದಿಡುವ ಅಗುಳಿ ಬೇರೆ. ಹಳೆಯ ತೊಟ್ಟಿಮನೆಯ ಕದಕ್ಕೆ ಅಗುಳಿಯೂ ಬೀಗವೂ ಬೇರೆಯಾಗಿರುವಂತೆಯೇ ಇದು. ಉರುಳೆ ತಿರುಗಿದಾಗ ಅದರ ಹಿಂದಿನ ನಾಲಿಗೆ ಒಂದು ಸರಳನ್ನು ಎಳೆಯುತ್ತದೆ, ಸರಳು ಅಗುಳಿಯನ್ನು ತಡೆಯುತ್ತದೆ. ಬೀಗ ಕೆಟ್ಟಿದೆ ಎಂದು ಹೇಳುವಾಗ ಬಹುತೇಕ ಕೆಟ್ಟಿರುವುದು ಉರುಳೆಯಲ್ಲ, ಸರಳು ಅಥವಾ ಅಗುಳಿ.

ಮುದ್ದೇನಹಳ್ಳಿಯ ಕನಸು

ಭಾರತದಲ್ಲೇ ಕಾರು ತಯಾರಾಗಬೇಕೆಂದು ಹಠ ಹಿಡಿದವರಲ್ಲಿ ಮೊದಲಿಗರು ಅವಿಭಜಿತ ಕೋಲಾರ ಜಿಲ್ಲೆಯವರೇ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಕೋಲಾರ ಜಿಲ್ಲೆಗೆ ಸೇರಿತ್ತು. ದಿವಾನಗಿರಿ ಬಿಟ್ಟ ಎಷ್ಟೋ ವರ್ಷಗಳ ನಂತರ, 1930ರ ದಶಕದಲ್ಲಿ, ಅವರು ವಿದೇಶಗಳ ಕಾರು ಕಾರ್ಖಾನೆಗಳನ್ನು ನೋಡಿಬಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಬ್ರಿಟಿಷ್ ಸರ್ಕಾರದ ಒತ್ತಾಸೆ ಸಿಗದೆ ಬೆಂಗಳೂರಿನ ಕಾರು ಕಾರ್ಖಾನೆ ಕಾಗದದಲ್ಲೇ ಉಳಿಯಿತು. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು. ಕಾರಿಗೆ ಮಾತ್ರ ಮುಂಬಯಿಯ ಕುರ್ಲಾ ಗತಿಯಾಯಿತು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಯಿತು. ಅದಕ್ಕೂ ಮೊದಲು, 1942ರಲ್ಲಿ, ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ ಹುಟ್ಟಿತ್ತು.

ಈ ಎರಡು ಕಾರ್ಖಾನೆಗಳಿಂದಲೇ ನಮ್ಮ ರಸ್ತೆಗಳನ್ನು ಆಳಿದ ಎರಡು ಕಾರುಗಳು ಬಂದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಿನ್ಯಾಸದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿದು, 2014ರ ಮೇ ತಿಂಗಳವರೆಗೂ ತಯಾರಾಯಿತು. ಇಟಲಿಯ ಫಿಯೆಟ್ 1100ರ ಭಾರತೀಯ ಅವತಾರ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಫಿಯೆಟ್ಟಿನ ಆರಂಭದ ಮಾದರಿಗಳಲ್ಲಿ ಮುಂದಿನ ಬಾಗಿಲು ಹಿಂದುಮುಂದಾಗಿ, ಅಂದರೆ ಹಿಂದಿನ ಅಂಚಿಗೆ ಹಿಂಜು ಇಟ್ಟುಕೊಂಡು ತೆರೆಯುತ್ತಿತ್ತು. ಓಡುವಾಗ ಅಗುಳಿ ಬಿಟ್ಟರೆ ಗಾಳಿಯೇ ಬಾಗಿಲನ್ನು ಕಿತ್ತೆಸೆಯುವ ಭಯ. ಅಂಥ ಬಾಗಿಲಿನಲ್ಲಿ ಬೀಗ ಕಳ್ಳನ ಮಾತಲ್ಲ, ಪ್ರಾಣದ ಮಾತು. ಮುಂದಿನ ಮಾದರಿಗಳಲ್ಲಿ ಹಿಂಜನ್ನು ಮುಂದಕ್ಕೆ ತರಲಾಯಿತು.

ಲೈಸೆನ್ಸು, ಪರ್ಮಿಟ್ಟುಗಳ ಆ ಕಾಲದಲ್ಲಿ ಕಾರು ಬುಕ್ ಮಾಡಿದವರು ವರ್ಷಗಟ್ಟಲೆ ಕಾಯಬೇಕಿತ್ತು. ಕಳೆದುಕೊಂಡರೆ ಇನ್ನೊಂದು ಬೇಗ ಸಿಗುವಂತಿರಲಿಲ್ಲ. ಹಾಗಾಗಿ ಬೀಗದ ಮೇಲಿನ ಕಾಳಜಿಯೂ ಹೆಚ್ಚು. ಒಂದೇ ಮಾದರಿ ದಶಕಗಳ ಕಾಲ ಬಂದದ್ದರಿಂದ ಬಿಡಿಭಾಗಗಳಿಗೆ ಬರವಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ ಹೊಸ ಸಾಮಾನಿಗೆ, ಶಿವಾಜಿನಗರದ ಗುಜರಿ ಹಳೆಯದಕ್ಕೆ. ಕೋಲಾರದವರಿಗೆ ಒಂದು ಬಸ್ಸು ಹತ್ತುವ ಕೆಲಸ. ಇದರ ಇನ್ನೊಂದು ಮುಖವೆಂದರೆ 1965ರ ಕಾರಿಗೆ 1985ರ ಬಾಗಿಲು, 1975ರ ಅಗುಳಿ, ಯಾವುದೋ ವರ್ಷದ ಹಿಡಿಕೆ ಕೂತುಬಿಟ್ಟವು. ಹೊರಗಿನಿಂದ ಒಂದೇ ಕಾರು, ಒಳಗೆ ಹಲವು ಕಾಲ.

ಕೂಗು ಬಂದ ಬಗೆ

ಮೊದಲ ಕಾರುಗಳ ಹಾರ್ನು ರಬ್ಬರ್ ಚೆಂಡಿನದು. ಹಿಚುಕಿದರೆ ‘ಪೋಂ’ ಎನ್ನುತ್ತಿತ್ತು. 1908ರ ಸುಮಾರಿಗೆ ಅಮೆರಿಕದಲ್ಲಿ ‘ಕ್ಲಾಕ್ಸನ್’ ಎಂಬ ವಿದ್ಯುತ್ ಹಾರ್ನು ಬಂತು. ಕಾರಿನ ಅಲಾರಮ್ಮಿನ ಮೂಲ ಈ ವಿದ್ಯುತ್ ಹಾರ್ನಿನಲ್ಲಿದೆ. ಹಾರ್ನು ಒತ್ತುವ ಗುಂಡಿಯ ಬದಲು ಬಾಗಿಲೇ ಗುಂಡಿಯಾದರೆ ಸಾಕು, ಕಾರು ತಾನೇ ಕೂಗುತ್ತದೆ. ಆ ಗುಂಡಿ ಆಗಲೇ ಸಿದ್ಧವಾಗಿತ್ತು. ಬಾಗಿಲು ತೆರೆದಾಗ ಒಳಗಿನ ದೀಪ ಹತ್ತುವಂತೆ ಮಾಡಲು ಬಾಗಿಲ ಕಂಬದಲ್ಲಿ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಬಾಗಿಲು ಮುಚ್ಚಿದಾಗ ಅದರ ಮೊಳೆ ಒಳಕ್ಕೆ ಒತ್ತಿಕೊಳ್ಳುತ್ತದೆ, ತೆರೆದಾಗ ಹೊರಕ್ಕೆ ಬರುತ್ತದೆ. ಮುಂದೆ ಬಂದ ಅಲಾರಂಗಳು ಈ ದೀಪದ ಸ್ವಿಚ್ಚನ್ನೇ ತಮ್ಮ ಕಿವಿಯನ್ನಾಗಿ ಮಾಡಿಕೊಂಡವು. ದೀಪಕ್ಕೆಂದು ಮಾಡಿದ ಅಗ್ಗದ ಸ್ವಿಚ್ಚು ಕಾವಲುಗಾರನಾಯಿತು. ಹಳೆಯ ಕಾರಿನ ಸುಳ್ಳು ಕೂಗುಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ನಮ್ಮಲ್ಲಿ ಅಲಾರಂ, ರಿಮೋಟುಗಳ ಹುಚ್ಚು ಹತ್ತಿದ್ದು ಮಾರುತಿಯ ನಂತರ. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರಿಗೆ ಹಸ್ತಾಂತರಿಸಿದರು. ಅದರ ಹಿಂದಿನ ವರ್ಷವಷ್ಟೇ ಫ್ರಾನ್ಸಿನ ರೆನೋ ಫ್ಯುಯೆಗೊ ಕಾರಿನಲ್ಲಿ ದೂರದಿಂದಲೇ ಬಾಗಿಲು ತೆರೆಯುವ ರಿಮೋಟು ಬಂದಿತ್ತು. 1990ರ ದಶಕದ ಹೊತ್ತಿಗೆ ಇವೆಲ್ಲ ಅಂಗಡಿಯಲ್ಲಿ ಕಿಟ್‌ಗಳಾಗಿ ಸಿಗತೊಡಗಿದವು. ಮಾರುತಿಗೆ ಹಾಕಿದ್ದನ್ನು ಅಂಬಾಸಿಡರಿಗೂ ಪದ್ಮಿನಿಗೂ ಹಾಕಿಸಲಾಯಿತು. ಪ್ರತಿ ಬಾಗಿಲಿನೊಳಗೆ ಒಂದು ಪುಟ್ಟ ಮೋಟಾರು, ಡ್ಯಾಷ್‌ಬೋರ್ಡಿನ ಕೆಳಗೆ ಒಂದು ಪೆಟ್ಟಿಗೆ, ಬಾನೆಟ್ಟಿನ ಕೆಳಗೆ ಒಂದು ಸೈರನ್ನು.

ಇಲ್ಲಿ ಒಂದು ದೊಡ್ಡ ಎಡವಟ್ಟು ಕಾದಿತ್ತು. ಕಾರಿನಲ್ಲಿ ಬ್ಯಾಟರಿಯ ಒಂದು ತುದಿಯನ್ನು ಬಾಡಿಗೇ ಜೋಡಿಸಿರುತ್ತಾರೆ. ಗ್ಯಾರೇಜಿನ ಭಾಷೆಯಲ್ಲಿ ಇದು ‘ಅರ್ತ್’. 1960ರ ದಶಕದ ಮಧ್ಯದವರೆಗಿನ ಬಹುತೇಕ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಹೀಗೆ ಜೋಡಿಸುತ್ತಿದ್ದುದು ಬ್ಯಾಟರಿಯ ಪಾಸಿಟಿವ್ ತುದಿಯನ್ನು. ಡೈನಮೋ ಹೋಗಿ ಆಲ್ಟರ್ನೇಟರ್, ಟ್ರಾನ್ಸಿಸ್ಟರುಗಳು ಬಂದ ಮೇಲೆ ನೆಗೆಟಿವ್ ತುದಿ ಅರ್ತ್ ಆಯಿತು. ಬಲ್ಬಿಗಾಗಲಿ ಹಾರ್ನಿಗಾಗಲಿ ಇದರಿಂದ ವ್ಯತ್ಯಾಸವಿಲ್ಲ. ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಮಾತ್ರ ಇದು ಜೀವನ್ಮರಣದ ಪ್ರಶ್ನೆ. ಪಾಸಿಟಿವ್ ಅರ್ತ್ ಇರುವ ಕಾರಿಗೆ ಇಂದಿನ ಅಲಾರಮ್ಮನ್ನು ನೇರವಾಗಿ ಜೋಡಿಸಿದರೆ ಅದು ಕೂಗುವ ಮೊದಲೇ ಸುಟ್ಟುಹೋಗಬಹುದು. ಆದ್ದರಿಂದ ಹಳೆಯ ಕಾರಿನ ಬಾನೆಟ್ ತೆರೆದಾಗ ಕೇಳಬೇಕಾದ ಮೊದಲ ಪ್ರಶ್ನೆ: ಬಾಡಿಗೆ ಹೋಗಿರುವುದು ಬ್ಯಾಟರಿಯ ಯಾವ ತುದಿ?

ದೋಷ ಹುಡುಕುವ ಕ್ರಮ

ಎರಡನೆಯ ಪ್ರಶ್ನೆ ಬ್ಯಾಟರಿಯದೇ. ಪೂರ್ತಿ ತುಂಬಿದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಅದು ಬಹುಪಾಲು ಖಾಲಿ. ಅಲಾರಂ ಸದಾ ಎಚ್ಚರವಿರಬೇಕಾದ್ದರಿಂದ ಸದಾ ಸ್ವಲ್ಪ ವಿದ್ಯುತ್ತು ಕುಡಿಯುತ್ತದೆ. 40 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ 40 ಆಂಪಿಯರ್-ಗಂಟೆಯ ಬ್ಯಾಟರಿ 1000 ಗಂಟೆಗಳಲ್ಲಿ, ಅಂದರೆ ಸುಮಾರು 42 ದಿನಗಳಲ್ಲಿ ಬರಿದಾಗುತ್ತದೆ. ಮದುವೆಯಿಂದ ಮದುವೆಗೆ ಹೊರಡುವ ಕಾರಿನ ಸ್ಥಿತಿ ಊಹಿಸಬಹುದು. ವೋಲ್ಟೇಜ್ ಕುಸಿದರೆ ಕೂಗುವಂತೆ ರೂಪಿಸಿದ ಅಲಾರಂಗಳೂ ಇವೆ. ಅವು ನಡುರಾತ್ರಿ ಕೂಗಿದರೆ ಕಳ್ಳ ಬಂದಿಲ್ಲ, ಬ್ಯಾಟರಿ ಸಾಯುತ್ತಿದೆ ಎಂದರ್ಥ.

ಬ್ಯಾಟರಿ ಸರಿಯಿದ್ದರೆ ಬಾಗಿಲಿಗೆ ಬರಬೇಕು. ಒಳಗಿನ ದೀಪವೇ ಇಲ್ಲಿ ಸಾಕ್ಷಿ. ಕತ್ತಲಲ್ಲಿ ಕಾರಿನೊಳಗೆ ಕೂತು, ಎಲ್ಲ ಬಾಗಿಲು ಮುಚ್ಚಿ, ಒಂದೊಂದನ್ನೇ ಒಳಗಿನಿಂದ ಮೆಲ್ಲಗೆ ತಳ್ಳಿ ನೋಡಬೇಕು. ಯಾವ ಬಾಗಿಲಿಗೆ ದೀಪ ಮಿಣುಕುತ್ತದೆಯೋ ಅಲ್ಲಿನ ಸ್ವಿಚ್ಚಿನ ಮೊಳೆ ಪೂರ್ತಿ ಒತ್ತಿಕೊಂಡಿಲ್ಲ. ಆಯುಧಪೂಜೆಯ ಹಿಂದಿನ ದಿನ ಪೈಪು ಹಿಡಿದು ತೊಳೆದ ನೀರು, ಭರಣಿ ಮಳೆಯ ಎರಚಲು ಈ ಸ್ವಿಚ್ಚಿನೊಳಗೆ ಇಳಿದು ತುಕ್ಕು ಹಿಡಿಸುತ್ತವೆ. ಬಿಚ್ಚಿ, ಮರಳು ಕಾಗದದಿಂದ ಉಜ್ಜಿ, ಮತ್ತೆ ಕೂರಿಸಿದರೆ ಅನೇಕ ಅಲಾರಂಗಳು ಅಲ್ಲಿಗೇ ಸುಮ್ಮನಾಗುತ್ತವೆ.

ಆದರೆ ಸ್ವಿಚ್ಚು ಹೊಸದಾದರೂ ದೀಪ ಮಿಣುಕಿದರೆ? ಆಗ ನೋಡಬೇಕಾದದ್ದು ಬಾಗಿಲಿನ ಭಾರವನ್ನು. ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕಟಕ್ಕೆಂದು ಅಲುಗಿದರೆ ಹಿಂಜಿನ ಪಿನ್ನು ಸವೆದಿದೆ. ನಲವತ್ತು ಐವತ್ತು ವರ್ಷ ತೂಗಿದ ಬಾಗಿಲು ಕೆಲವು ಮಿಲಿಮೀಟರ್ ಕೆಳಕ್ಕೆ ಜೋತಿರುತ್ತದೆ. ಅಷ್ಟು ಸಾಕು. ಅಗುಳಿ ಕಂಬದ ಮೇಲಿನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ, ಆದ್ದರಿಂದ ಬೀಗ ಹತ್ತುವುದಿಲ್ಲ. ಬಾಗಿಲು ಒಂದು ಕೂದಲೆಳೆಯಷ್ಟು ಹೊರಗಿರುತ್ತದೆ, ಆದ್ದರಿಂದ ಸ್ವಿಚ್ಚಿನ ಮೊಳೆ ಒತ್ತುವುದಿಲ್ಲ, ಅಲಾರಂ ಕೂಗುತ್ತದೆ. ಒಂದೇ ಸವೆದ ಪಿನ್ನು ಎರಡು ದೂರುಗಳಿಗೂ ತಾಯಿ. ಇದನ್ನು ಗುರುತಿಸದೆ ಬೀಗ ಕೊರೆಯುವುದೂ ಅಲಾರಂ ಬದಲಿಸುವುದೂ ಹಲ್ಲುನೋವಿಗೆ ಕನ್ನಡಕ ಕೊಟ್ಟಂತೆ. ಹಿಂಜಿನ ಪಿನ್ನು ಬದಲಿಸಿ, ತಟ್ಟೆಯ ಸ್ಕ್ರೂ ಸಡಿಲಿಸಿ ಸರಿಯಾದ ಮಟ್ಟಕ್ಕೆ ತಂದರೆ ಎರಡೂ ತೊಂದರೆ ಒಟ್ಟಿಗೆ ಹೋಗುತ್ತವೆ.

ರಿಮೋಟು ಹಾಕಿಸಿದ ಕಾರುಗಳಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಗುಂಡಿ ಒತ್ತಿದೊಡನೆ ನಾಲ್ಕೂ ಬಾಗಿಲು ಹಾಕಿಕೊಂಡು ಮರುಕ್ಷಣವೇ ತೆರೆದುಕೊಳ್ಳುತ್ತವೆ. ಸಾಮಾನ್ಯವಾಗಿ ಈ ಕಿಟ್‌ಗಳಲ್ಲಿ ಚಾಲಕನ ಬಾಗಿಲಿನ ಮೋಟಾರಿಗೆ ಐದು ವೈರು, ಉಳಿದವಕ್ಕೆ ಎರಡು. ಐದು ವೈರಿನದು ಯಜಮಾನ. ತನ್ನ ಬಾಗಿಲು ಹಾಕಿದೆಯೋ ತೆರೆದಿದೆಯೋ ಎಂದು ಅದು ಪೆಟ್ಟಿಗೆಗೆ ವರದಿ ಮಾಡುತ್ತದೆ. ಆ ಬಾಗಿಲಿನ ಅಗುಳಿ ಬಿಗಿಯಾಗಿದ್ದರೆ ಮೋಟಾರು ಅರ್ಧಕ್ಕೇ ನಿಂತು ಹಿಂದಕ್ಕೆ ಜಾರುತ್ತದೆ. ಬಾಗಿಲು ತೆರೆಯಲಾಗಿದೆ ಎಂದು ಪೆಟ್ಟಿಗೆ ತಿಳಿದು ಎಲ್ಲವನ್ನೂ ತೆರೆಯುತ್ತದೆ. ತಪ್ಪು ಪೆಟ್ಟಿಗೆಯದಲ್ಲ, ಅದಕ್ಕೆ ಸಿಕ್ಕ ವರದಿಯದು.

ಇಷ್ಟಾದರೂ ಸರಿಹೋಗದಿದ್ದರೆ ವೈರು. ಕಂಬದಿಂದ ಬಾಗಿಲಿಗೆ ಹಾಯುವ ವೈರು ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಮಡಚಿಕೊಳ್ಳುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರುವುದುಂಟು. ಬಣ್ಣ, ತುಕ್ಕುಗಳ ಮೇಲೆ ಸ್ಕ್ರೂ ಬಿಗಿದ ಅರ್ತ್ ಕೂಡ ಹೀಗೆಯೇ ಕೈಕೊಡುತ್ತದೆ. ಒಂದು ಬಲ್ಬು, ಎರಡು ವೈರಿನ ಟೆಸ್ಟ್ ಲ್ಯಾಂಪ್ ಇದ್ದರೆ ಎರಡನ್ನೂ ಹಿಡಿಯಬಹುದು. ಕೆಲಸಕ್ಕಿಳಿಯುವ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಕೆಲವು ಸೈರನ್ನುಗಳಲ್ಲಿ ಸ್ವಂತ ಬ್ಯಾಟರಿ ಇರುವುದರಿಂದ ಬಿಚ್ಚಿದೊಡನೆ ಅವು ಕೂಗಬಹುದು. ಅವನ್ನು ಸುಮ್ಮನಾಗಿಸುವ ಪುಟ್ಟ ಕೀಲಿ ಸೈರನ್ನಿನ ಜೊತೆಗೇ ಬಂದಿರುತ್ತದೆ.

ಎಣ್ಣೆ ಬೇಡ, ಪೆನ್ಸಿಲ್ ಪುಡಿ ಸಾಕು

ಉರುಳೆಯೇ ಬಿಗಿಯಾಗಿದ್ದರೆ ಕೈಗೆ ಮೊದಲು ಸಿಗುವುದು ಎಣ್ಣೆ ಡಬ್ಬಿ. ಅದು ತಪ್ಪು. ಮಾಲೂರಿನ ಕಡೆಯ ಇಟ್ಟಿಗೆ, ಹೆಂಚುಗಳ ಕೆಂಪು ಧೂಳು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಎಣ್ಣೆ ಮತ್ತು ಧೂಳು ಸೇರಿದರೆ ಬಿಲ್ಲೆಗಳ ನಡುವೆ ಉಜ್ಜುವ ಲೇಪವಾಗುತ್ತದೆ. ಮೊದಲ ವಾರ ಸಲೀಸು, ಆಮೇಲೆ ಮೊದಲಿಗಿಂತ ಬಿಗಿ. ಒಣ ಗ್ರಾಫೈಟ್ ಪುಡಿ, ಅದಿಲ್ಲದಿದ್ದರೆ ಮೆತ್ತನೆಯ ಪೆನ್ಸಿಲ್ಲಿನ ಕಡ್ಡಿಯನ್ನು ಕೀಲಿಯ ಮೇಲೆ ಉಜ್ಜಿ ನಾಲ್ಕಾರು ಬಾರಿ ತೂರಿಸಿ ತೆಗೆಯುವುದು ಲೇಸು. ಎಣ್ಣೆ, ಗ್ರೀಸುಗಳ ಜಾಗ ಅಗುಳಿ ಮತ್ತು ಹಿಂಜು. ಬಾಗಿಲಿನ ತಳದಲ್ಲಿ ನೀರು ಹೋಗಲು ಇರುವ ತೂತುಗಳು ಮುಚ್ಚಿಕೊಂಡಿಲ್ಲವೇ ಎಂದೂ ನೋಡಬೇಕು.

ಕೀಲಿಯ ನಕಲಿನದೂ ಒಂದು ಪಾಠವಿದೆ. ಸವೆದ ಕೀಲಿಯ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ನಕಲಿನ ನಕಲಂತೂ ಮೂಲ ಬೀಗಕ್ಕೆ ಅಪರಿಚಿತ. ಹಳೆಯ ಕೀಲಿಯ ಮೇಲೆ, ಕೆಲವು ಬೀಗಗಳ ಉರುಳೆಯ ಮೇಲೆ ಕೊರೆದ ಸಂಖ್ಯೆ ಇದ್ದರೆ ಅದರ ಪ್ರಕಾರ ಹೊಸ ಕೀಲಿ ಕತ್ತರಿಸುವುದೇ ಸರಿ. ಸಿಕ್ಕಿಕೊಂಡ ಕೀಲಿಯನ್ನು ಬಲವಂತದಿಂದ ತಿರುಗಿಸಿದರೆ ಅರ್ಧ ಕೈಯಲ್ಲಿ, ಅರ್ಧ ಬೀಗದಲ್ಲಿ ಉಳಿಯುತ್ತದೆ.

ಈ ಎಲ್ಲ ತಾಳ್ಮೆಗೂ ಒಂದು ಅಪವಾದವಿದೆ. ಕೆಟ್ಟ ಬೀಗದ ಕಾರಿನೊಳಗೆ ಮಗುವೋ ವೃದ್ಧರೋ ಸಿಕ್ಕಿಕೊಂಡರೆ ಬೀಗದ ಗೌರವ ನೋಡುತ್ತ ನಿಲ್ಲಬಾರದು. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗಿನ ಶಾಖ ನಿಮಿಷಗಳಲ್ಲಿ ಪ್ರಾಣಾಂತಿಕವಾಗುತ್ತದೆ. ಒಳಗಿರುವವರಿಂದ ದೂರದ ಕಿಟಕಿಯ ಗಾಜನ್ನು ತಕ್ಷಣ ಒಡೆಯಬೇಕು. ಗಾಜು ಮತ್ತೆ ಸಿಗುತ್ತದೆ.

ತೋಳ ಬಂತು ತೋಳ

ಸುಳ್ಳು ಕೂಗಿನ ನಿಜವಾದ ಹಾನಿ ನಿದ್ದೆಗೆಡುವುದಲ್ಲ. ‘ತೋಳ ಬಂತು ತೋಳ’ ಎಂದು ಕೂಗಿದ ಕುರಿಗಾಹಿ ಹುಡುಗನ ಕಥೆಯಂತೆ, ನಾಲ್ಕು ರಾತ್ರಿ ಸುಮ್ಮನೆ ಕೂಗಿದ ಕಾರು ಐದನೆಯ ರಾತ್ರಿ ನಿಜಕ್ಕೂ ಕೂಗಿದಾಗ ಅಕ್ಕಪಕ್ಕದವರು ಕಿಟಕಿ ತೆರೆದೂ ನೋಡುವುದಿಲ್ಲ. ಮಾಲೀಕರೇ ಬೇಸತ್ತು ಅಲಾರಮ್ಮಿನ ಫ್ಯೂಸು ಕಿತ್ತಿಡುತ್ತಾರೆ. ಕೆಟ್ಟ ಕಾವಲುಗಾರ ಕಾವಲಿಲ್ಲದ ಸ್ಥಿತಿಗಿಂತ ಕೆಟ್ಟದ್ದನ್ನು ತರುತ್ತಾನೆ.

ಪ್ರಪಂಚದ ಕಾರು ತಯಾರಕರೂ ಇದನ್ನು ಮನಗಂಡರು. ಕೂಗುವುದಕ್ಕಿಂತ ಎಂಜಿನ್ ಚಾಲೂ ಆಗದಂತೆ ತಡೆಯುವುದೇ ಮೇಲೆಂಬ ತೀರ್ಮಾನಕ್ಕೆ ಬಂದು, ಕೀಲಿಯ ತಲೆಯಲ್ಲಿ ಪುಟ್ಟ ಎಲೆಕ್ಟ್ರಾನಿಕ್ ಗುರುತು ಇಡತೊಡಗಿದರು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಯಿತು. ಬೀಗ ಮತ್ತೆ ಬಾಗಿಲು ಬಿಟ್ಟು ಎಂಜಿನ್ನಿಗೆ, ಅಂದರೆ ಫೋರ್ಡ್ ‘ಟಿ’ಯ ಕಾಲದ ಜಾಗಕ್ಕೇ ಮರಳಿತು. ಹಳೆಯ ಕಾರಿನವರಿಗೂ ಇದರಲ್ಲಿ ಅಗ್ಗದ ಪಾಠವೊಂದಿದೆ. ಇಗ್ನಿಷನ್ ವೈರಿಗೆ ಅಥವಾ ಬ್ಯಾಟರಿಯ ತಂತಿಗೆ ಕಣ್ಣಿಗೆ ಬೀಳದ ಜಾಗದಲ್ಲಿ ಒಂದು ಸ್ವಿಚ್ಚು ಹಾಕಿಸಿದರೆ ಬಾಗಿಲು ತೆರೆದರೂ ಕಾರು ಕದಲುವುದಿಲ್ಲ. ಬ್ಯಾಟರಿಯ ತಂತಿಗೇ ಹಾಕಿಸಿದರೆ ಷೆಡ್ಡಿನಲ್ಲಿ ನಿಂತ ಕಾರಿನ ಬ್ಯಾಟರಿಯೂ ಉಳಿಯುತ್ತದೆ. ಬಾಡಿಯನ್ನು ಕತ್ತರಿಸುವ ಪ್ರಶ್ನೆಯೂ ಇಲ್ಲ.

ಕತ್ತರಿಸದಿರುವುದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ಐವತ್ತು ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ಜಾರಿಗೆ ತಂದಿತು. ನಿತ್ಯದ ಓಡಾಟಕ್ಕೆ ಅಂಥ ಕಾರನ್ನು ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು. ಮೂಲ ರೂಪವೇ ಅರ್ಹತೆಯಾದಾಗ ಬಾಗಿಲಿನ ಹಳೆಯ ಹಿಡಿಕೆ, ಹಳೆಯ ಉರುಳೆಗಳಿಗೂ ಬೆಲೆ ಬರುತ್ತದೆ.

ಪದ್ಮಿನಿ, ಅಂಬಾಸಿಡರ್ ಎರಡರ ತಯಾರಿಕೆಯೂ ನಿಂತಿದೆ. ಆ ಬಾಗಿಲುಗಳನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲ ಹಳೆಯ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಅವರು ಹಾಕಿದ ವೈರಿನ ನಕ್ಷೆ ಯಾವ ಪುಸ್ತಕದಲ್ಲೂ ಇಲ್ಲ, ಅವರ ತಲೆಯಲ್ಲೇ ಇದೆ. ಹಳೆಯ ಕಾರು ಉಳಿಸಿಕೊಳ್ಳಬೇಕೆನ್ನುವವರು ಅವರಿರುವಾಗಲೇ ಒಂದು ಕೆಲಸ ಮಾಡಬಹುದು. ಕೀಲಿಯ ಸಂಖ್ಯೆ, ಅರ್ತ್ ಯಾವ ತುದಿ, ಅಲಾರಂ ಹಾಕಿಸಿದ ವರ್ಷ, ಯಾವ ಬಣ್ಣದ ವೈರು ಎಲ್ಲಿಗೆ ಹೋಗಿದೆ, ಯಾವ ಬಾಗಿಲು ಯಾವಾಗ ಬದಲಾಯಿತು ಎಂಬುದನ್ನೆಲ್ಲ ಕೇಳಿ ಒಂದು ಹಾಳೆಯಲ್ಲಿ ಬರೆದು ಆರ್.ಸಿ. ಪುಸ್ತಕದ ಜೊತೆಗೆ ಇಡಬಹುದು. ಮುಂದಿನ ಸಲ ಕಾರು ನಡುರಾತ್ರಿ ಕೂಗಿದಾಗ ಟಾರ್ಚಿಗಿಂತ ಮೊದಲು ಆ ಹಾಳೆ ಬೇಕಾಗುತ್ತದೆ.